ಹಳೆಯ ಫೋರ್‌ವ್ಹೀಲ್ ಡ್ರೈವ್ ವಾಹನಕ್ಕೆ ಎಸಿ ಅಳವಡಿಸುವುದು ಹೇಗೆ?

ಲ್ಯಾಂಡ್ ರೋವರ್ ಸೀರೀಸ್, ವಿಲ್ಲಿಸ್ ವಂಶದ ಜೀಪುಗಳು, 1960ರಿಂದ 1984ರವರೆಗೆ ತಯಾರಾದ ಟೊಯೊಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ 40 ಮೊದಲಾದ ಹಳೆಯ ಫೋರ್‌ವ್ಹೀಲ್ ಡ್ರೈವ್ ವಾಹನಗಳಲ್ಲಿ ಬಹುಪಾಲು ಎಸಿ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂದವು. ಇವುಗಳಿಗೆ ಈಗ ಎಸಿ ಕೂರಿಸಲು ಸಾಧ್ಯವೇ ಎಂದು ಕೇಳಿದರೆ ಖಂಡಿತ ಸಾಧ್ಯ ಎಂದೇ ಹೇಳಬೇಕು. ಬಾನೆಟ್ಟಿನಡಿ ಕೈ ಆಡಿಸಲು ಜಾಗವಿರುವುದರಿಂದ ಎಷ್ಟೋ ಹೊಸ ಕಾರುಗಳಿಗಿಂತ ಇವುಗಳಲ್ಲಿ ಕೆಲಸ ಸಲೀಸಾಗಿ ಸಾಗುತ್ತದೆ. ಆದರೂ ಕಿಟ್ ತರಿಸಿ, ಬೋಲ್ಟು ಬಿಗಿದು, ಗ್ಯಾಸ್ ತುಂಬಿಸಿದ ಎಷ್ಟೋ ಗಾಡಿಗಳಲ್ಲಿ ಮೊದಲ ಬೇಸಿಗೆಯಲ್ಲೇ ಇಂಜಿನ್ ಬಿಸಿಯೇರುತ್ತದೆ, ಬ್ಯಾಟರಿ ಇಳಿಯುತ್ತದೆ, ಬ್ರಾಕೆಟ್ ಬಿರುಕು ಬಿಡುತ್ತದೆ, ಒಳಗೆ ಕುಳಿತವರಿಗೆ ಮಾತ್ರ ತಂಪು ತಾಕುವುದಿಲ್ಲ. ಹೀಗಾಗುವುದಕ್ಕೆ ಎಸಿಯ ಬಿಡಿಭಾಗಗಳು ಕಾರಣವಾಗಿರುವುದು ಅಪರೂಪ. ಎಸಿಯನ್ನು ಹೊರಲು ವಾಹನವನ್ನು ಸಿದ್ಧಪಡಿಸದಿರುವುದೇ ಮುಖ್ಯ ಕಾರಣ. ಆದ್ದರಿಂದ ಕಂಪ್ರೆಸರ್ ಕೊಳ್ಳುವ ಮೊದಲು ಬಾಡಿ, ರೇಡಿಯೇಟರ್ ಮತ್ತು ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಈ ಮೂರನ್ನೂ ಸರಿಪಡಿಸಿಕೊಳ್ಳಬೇಕು ಎಂಬುದು ಈ ಬರಹದ ಆಗ್ರಹ.

ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ತಿಳಿದುಕೊಂಡರೆ ಈ ಆಗ್ರಹದ ಹಿಂದಿನ ಕಾರಣ ತಾನಾಗಿ ಸ್ಪಷ್ಟವಾಗುತ್ತದೆ. ಕಂಪ್ರೆಸರ್ ಕಡಿಮೆ ಒತ್ತಡದ ಗ್ಯಾಸನ್ನು ಎಳೆದುಕೊಂಡು ಹೆಚ್ಚಿನ ಒತ್ತಡಕ್ಕೆ ಏರಿಸುತ್ತದೆ. ಬಿಸಿಯಾದ ಆ ಗ್ಯಾಸ್ ಕಂಡೆನ್ಸರ್‌ನಲ್ಲಿ ಹೊರಗಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ದ್ರವವು ರಿಸೀವರ್ ಡ್ರೈಯರ್‌ನಲ್ಲಿ ತೇವಾಂಶ ಕಳೆದುಕೊಂಡು, ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ದಾರಿಯಲ್ಲಿ ನುಗ್ಗಿ, ಒತ್ತಡ ಇಳಿದ ಕೂಡಲೇ ಕೂಲಿಂಗ್ ಕಾಯಿಲ್‌ನೊಳಗೆ ಕುದಿಯತೊಡಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಕ್ಯಾಬಿನ್ನಿನ ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಇಂದು ಇಂಥ ಅಳವಡಿಕೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಆರ್-134ಎ ಗ್ಯಾಸ್ ವಾತಾವರಣದ ಒತ್ತಡದಲ್ಲಿ ಸುಮಾರು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಸುಮಾರು 3 ಬಾರ್ ನಿರಪೇಕ್ಷ ಒತ್ತಡದಲ್ಲಿ ಅದರ ಕುದಿಬಿಂದು 0 ಡಿಗ್ರಿ, 17 ಬಾರ್ ಸಮೀಪದಲ್ಲಿ 60 ಡಿಗ್ರಿ. ಹೀಗೆ ಒಳಗಿನಿಂದ ಎತ್ತಿಕೊಂಡ ಶಾಖವೂ ಕಂಪ್ರೆಸರ್ ವ್ಯಯಿಸಿದ ಶಕ್ತಿಯೂ ಒಟ್ಟಾಗಿ ಕಂಡೆನ್ಸರ್ ಮೂಲಕವೇ ಹೊರಬೀಳಬೇಕು, ಮತ್ತು ಆ ಬಿಸಿ ಗಾಳಿ ನೇರವಾಗಿ ಹಿಂದಿನ ರೇಡಿಯೇಟರ್‌ಗೆ ತಾಕುತ್ತದೆ. ಒಳಗೆ ಶಾಖ ಹೆಚ್ಚು ನುಗ್ಗಿದಷ್ಟೂ ಹೊರೆ ಹೆಚ್ಚುತ್ತದೆ. ರೇಡಿಯೇಟರ್ ದುರ್ಬಲವಾದಷ್ಟೂ ಆ ಹೊರೆ ಇಂಜಿನ್ನಿನ ಮೇಲೆ ಬೀಳುತ್ತದೆ.

ಶಾಖ ನುಗ್ಗುವ ದಾರಿಗಳು

ಹಳೆಯ ವಾಹನದ ಕ್ಯಾಬಿನ್ನಿನಲ್ಲಿ ಗಾಳಿ ನುಸುಳದ ಮೂಲೆ ಕಡಿಮೆ. ರಾತ್ರಿ ಕತ್ತಲಲ್ಲಿ ಒಬ್ಬರು ಒಳಗೆ ಕುಳಿತು ಪ್ರಖರವಾದ ಟಾರ್ಚ್ ಹಿಡಿದು ಬಾಗಿಲಿನ ಅಂಚು, ನೆಲದ ಜೋಡಣೆ, ಡ್ಯಾಶ್‌ಬೋರ್ಡಿನ ಅಡಿಭಾಗಗಳ ಮೇಲೆ ನಿಧಾನವಾಗಿ ಬೆಳಕು ಹಾಯಿಸಲಿ, ಇನ್ನೊಬ್ಬರು ಹೊರಗಿನಿಂದ ನೋಡಲಿ. ಬೆಳಕು ಹೊರಬಂದ ಕಡೆಯಲ್ಲೆಲ್ಲ ಗಾಳಿಯೂ ಓಡಾಡುತ್ತದೆ. ಬಾಗಿಲಿನ ಬೀಡಿಂಗ್ ರಬ್ಬರುಗಳನ್ನು ಬದಲಿಸುವುದು, ಜೋತುಬಿದ್ದ ಬಾಗಿಲುಗಳನ್ನು ಹಿಂಜಿನಲ್ಲಿ ಸರಿಹೊಂದಿಸುವುದು, ಕ್ಲಚ್ ಮತ್ತು ಬ್ರೇಕ್ ಪೆಡಲುಗಳು ನೆಲವನ್ನು ದಾಟುವಲ್ಲಿ ಹಾಗೂ ಗೇರ್ ಲಿವರ್ ಮತ್ತು ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಲಿವರ್‌ಗಳ ಬುಡದಲ್ಲಿ ಹೊಸ ರಬ್ಬರ್ ಬೂಟ್ ಹಾಕುವುದು, ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲಿನಲ್ಲಿ ಬಳಕೆಯಲ್ಲಿಲ್ಲದ ತೂತುಗಳನ್ನು ಮುಚ್ಚುವುದು, ಇವೆಲ್ಲ ಬೇಸರದ ಕೆಲಸಗಳೇ ಸರಿ. ಆದರೆ ತಂಪಿನ ವಿಷಯದಲ್ಲಿ ಇವು ಕೊಡುವಷ್ಟು ಲಾಭವನ್ನು ದೊಡ್ಡ ಕಂಪ್ರೆಸರ್ ಕೊಡಲಾರದು.

ಗೇರ್‌ಬಾಕ್ಸಿನ ಮೇಲಿನ ಉಬ್ಬು, ಸೈಲೆನ್ಸರ್ ಪೈಪ್ ಹಾದುಹೋಗುವ ಬದಿಯ ನೆಲ ಮತ್ತು ಫೈರ್‌ವಾಲ್ ಇವೇ ಒಳಗೆ ಅತಿ ಹೆಚ್ಚು ಶಾಖ ತರುವ ಮೂರು ಜಾಗಗಳು. ಇವುಗಳಿಗೆ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಹಾಳೆಯನ್ನೇ ಬಳಸಬೇಕು. ಬಟ್ಟೆಯ ಫೆಲ್ಟ್ ಅಥವಾ ನಾರಿನ ಹಾಸು ಅಗ್ಗವಾಗಿ ಸಿಕ್ಕರೂ, ನೀರಿನಲ್ಲಿ ಇಳಿದು ಏಳುವ ವಾಹನದಲ್ಲಿ ಅದು ತೇವ ಹಿಡಿದಿಟ್ಟುಕೊಂಡು ನೆಲದ ತಗಡನ್ನು ತುಕ್ಕಿಗೆ ಒಪ್ಪಿಸುತ್ತದೆ. ಡಾಂಬರು ಮಿಶ್ರಿತ ಹಾಳೆಗಳು ತಗಡಿನ ಸದ್ದನ್ನು ಅಡಗಿಸುತ್ತವೆಯೇ ಹೊರತು ಶಾಖವನ್ನು ಹೆಚ್ಚಾಗಿ ತಡೆಯುವುದಿಲ್ಲ. ಎರಡನ್ನೂ ಒಂದೇ ಎಂದು ಎಣಿಸಬಾರದು. ಛಾವಣಿಯ ಒಳಮೈಗೂ ಫೋಮ್ ಅಂಟಿಸಬೇಕು. ಬಿಸಿಲ ನಾಡುಗಳಿಗೆಂದು ಲ್ಯಾಂಡ್ ರೋವರ್ ಸಂಸ್ಥೆಯು ಎರಡು ಪದರಗಳ ನಡುವೆ ಗಾಳಿ ಹರಿಯುವಂತೆ ರೂಪಿಸಿದ್ದ ಛಾವಣಿಯೂ ಇತ್ತು. ಅಂಥದ್ದು ನಿಮ್ಮ ವಾಹನದ ಮೇಲಿದ್ದರೆ ತೆಗೆಯಬೇಡಿ, ಎಸಿಯ ಕೆಲಸವನ್ನು ಅದು ಮೊದಲೇ ಹಗುರ ಮಾಡಿರುತ್ತದೆ. ಕ್ಯಾನ್ವಾಸ್ ಹೊದಿಕೆಯ ವಾಹನವಾದರೆ ಮೊದಲು ಗಟ್ಟಿ ಛಾವಣಿಗೆ ಖರ್ಚು ಮಾಡುವುದೇ ಉಚಿತವೆಂದು ನನ್ನ ನಿಶ್ಚಿತ ಅಭಿಪ್ರಾಯ.

ಹೀಟರ್ ಇರುವ ವಾಹನದಲ್ಲಿ ಅದರ ಟ್ಯಾಪ್ ಪೂರ್ತಿ ಮುಚ್ಚುತ್ತದೆಯೇ ಎಂದು ಪರೀಕ್ಷಿಸುವುದನ್ನು ಅನೇಕರು ಮರೆಯುತ್ತಾರೆ. ಟ್ಯಾಪ್ ಸ್ವಲ್ಪ ಸೋರಿದರೂ 80-90 ಡಿಗ್ರಿಯ ನೀರು ಡ್ಯಾಶ್‌ಬೋರ್ಡಿನ ಅಡಿಯಲ್ಲೇ ಹರಿಯುತ್ತಿರುತ್ತದೆ.

ರೇಡಿಯೇಟರ್ ಮತ್ತು ವಿದ್ಯುತ್ತು

ಎಸಿ ಇಲ್ಲದೆಯೇ ಬೇಸಿಗೆಯ ಏರುದಾರಿಯಲ್ಲಿ ತಾಪಮಾನದ ಮುಳ್ಳು ಮೇಲೇರುವ ವಾಹನಕ್ಕೆ ಎಸಿ ಹಾಕಲೇಬಾರದು. ರೇಡಿಯೇಟರ್ ಬಿಚ್ಚಿ, ಕೊಳವೆಗಳಲ್ಲಿ ಕಟ್ಟಿಕೊಂಡ ಸುಣ್ಣದ ಪದರವನ್ನೂ ತುಕ್ಕನ್ನೂ ತೆಗೆಸಬೇಕು. ಹಳೆಯ ಕೋರ್ ಸವೆದಿದ್ದರೆ ಇನ್ನೊಂದು ಸಾಲು ಕೊಳವೆಗಳಿರುವ ಹೊಸ ಕೋರ್ ಹಾಕಿಸುವುದು ಒಳಿತು. ವಾಟರ್ ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಇವನ್ನು ಈ ಹಂತದಲ್ಲೇ ನೋಡಬೇಕು. ಫ್ಯಾನಿನ ಸುತ್ತಲಿನ ಶ್ರೌಡ್ (ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಯಿಸುವ ಕವಚ) ಕಳಚಿ ಎಲ್ಲೋ ಇಟ್ಟಿದ್ದರೆ ಹುಡುಕಿ ಮತ್ತೆ ಹಾಕಿ. ಶ್ರೌಡ್ ಇಲ್ಲದ ಫ್ಯಾನ್ ತನ್ನ ಸುತ್ತಲಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ತಿರುವುತ್ತದೆ.

ವಿದ್ಯುತ್ತಿನ ಲೆಕ್ಕ ಇನ್ನೂ ನೇರವಾದದ್ದು. 12 ವೋಲ್ಟ್ ವ್ಯವಸ್ಥೆಯಲ್ಲಿ ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಹಿಡಿಸುವ, ಬಿಡಿಸುವ ವಿದ್ಯುತ್ ಕ್ಲಚ್ ಸುಮಾರು 4 ಆಂಪಿಯರ್ ಎಳೆಯುತ್ತದೆ, ಕ್ಯಾಬಿನ್ನಿಗೆ ತಂಪು ಗಾಳಿ ಊದುವ ಬ್ಲೋವರ್ ಪೂರ್ಣ ವೇಗದಲ್ಲಿ 10ರಿಂದ 15, ಕಂಡೆನ್ಸರ್‌ನ ವಿದ್ಯುತ್ ಫ್ಯಾನ್ 8ರಿಂದ 12. ಹೆಡ್‌ಲೈಟ್, ವೈಪರ್ ಎಲ್ಲ ಸೇರುವ ಮೊದಲೇ 25-30 ಆಂಪಿಯರ್ ಎಸಿಗೇ ಬೇಕಾಯಿತು. ಹಳೆಯ ಡೈನಮೊಗಳಲ್ಲಿ ಅನೇಕವು ಗರಿಷ್ಠ 20-25 ಆಂಪಿಯರ್ ಮಾತ್ರ ಕೊಡುತ್ತವೆ, ಅದೂ ಇಂಜಿನ್ ವೇಗವಾಗಿ ತಿರುಗುವಾಗ. ಡೈನಮೊ ಇದ್ದಲ್ಲಿ ಆಲ್ಟರ್ನೇಟರ್ ಹಾಕುವುದು ಅನಿವಾರ್ಯ. ಆಲ್ಟರ್ನೇಟರ್ ಇದ್ದರೂ 65 ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚಿನದಿರಲಿ, ಮತ್ತು ಅದರಿಂದ ಬ್ಯಾಟರಿಗೆ ಹೋಗುವ ವೈರನ್ನೂ ಅದಕ್ಕೆ ತಕ್ಕಂತೆ ದಪ್ಪಗೊಳಿಸಿ. ಸೇನೆಗೆಂದು ತಯಾರಾದ ಅನೇಕ ವಾಹನಗಳು ಮತ್ತು ಕೆಲವು ಡೀಸೆಲ್ ವಾಹನಗಳು 24 ವೋಲ್ಟಿನವು, ಆರಂಭಿಕ ಜೀಪುಗಳು 6 ವೋಲ್ಟಿನವು, 1960ರ ದಶಕದ ಅನೇಕ ಬ್ರಿಟಿಷ್ ವಾಹನಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಜೋಡಣೆಯಾಗಿರುತ್ತದೆ. ಕ್ಲಚ್, ಬ್ಲೋವರ್ ಮತ್ತು ಫ್ಯಾನ್ ಕೊಳ್ಳುವ ಮೊದಲು ನಿಮ್ಮ ವಾಹನ ಯಾವ ಬಗೆಯದೆಂದು ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ.

ಶಕ್ತಿಯ ಪ್ರಶ್ನೆಯೂ ಉಂಟು. ಪೂರ್ಣ ಹೊರೆಯಲ್ಲಿ ಕಂಪ್ರೆಸರ್ 4ರಿಂದ 6 ಅಶ್ವಶಕ್ತಿಯಷ್ಟು ಎಳೆಯಬಹುದು. ಲ್ಯಾಂಡ್ ರೋವರ್‌ನ 2.25 ಲೀಟರ್ ಡೀಸೆಲ್ ಇಂಜಿನ್ನಿನ ಒಟ್ಟು ಶಕ್ತಿಯೇ ಸುಮಾರು 62 ಅಶ್ವಶಕ್ತಿ ಎಂಬುದನ್ನು ನೆನೆದರೆ, ಏರಿನಲ್ಲಿ ಎಸಿಯನ್ನು ತಾತ್ಕಾಲಿಕವಾಗಿ ಬಿಡಿಸುವ ಏರ್ಪಾಟು ಏಕೆ ಬೇಕೆಂದು ಗೊತ್ತಾಗುತ್ತದೆ.

ಬಿಡಿಭಾಗಗಳ ಆಯ್ಕೆ

ಹಳೆಯ ಎಸಿಗಳಲ್ಲಿದ್ದ ಆರ್-12 ಗ್ಯಾಸ್ ಓಜೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಬಳಕೆಯಿಂದ ಹೊರಗಾಯಿತು. ಆದ್ದರಿಂದ ಹೊಸದಾಗಿ ಅಳವಡಿಸುವವರು ಆರ್-134ಎಗೆಂದೇ ತಯಾರಾದ ಬಿಡಿಭಾಗಗಳನ್ನು ಆರಿಸಿಕೊಳ್ಳಬೇಕು. ಗುಜರಿಯಿಂದ ತಂದ ಹಳೆಯ ಕಂಪ್ರೆಸರ್, ಹಳೆಯ ಹೋಸ್, ಹಳೆಯ ಡ್ರೈಯರ್‌ಗಳನ್ನು ಸೇರಿಸಿ ವ್ಯವಸ್ಥೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಆರ್-12ರ ಕಾಲದ ಖನಿಜ ಎಣ್ಣೆ ಆರ್-134ಎ ಜೊತೆ ಬೆರೆಯದೆ ಎಲ್ಲೋ ತಂಗಿಬಿಡುತ್ತದೆ, ಕಂಪ್ರೆಸರ್ ಒಣಗಿ ಸವೆಯುತ್ತದೆ. ಹಳೆಯ ರಬ್ಬರ್ ಹೋಸಿನ ಗೋಡೆಯ ಮೂಲಕ ಆರ್-134ಎಯ ಚಿಕ್ಕ ಅಣುಗಳು ನಿಧಾನವಾಗಿ ಹೊರಗೆ ಹೋಗುತ್ತವೆ. ಒಳಗೆ ನೈಲಾನ್ ಪದರವಿರುವ ಬ್ಯಾರಿಯರ್ ಹೋಸ್ ಮತ್ತು ಎಚ್‌ಎನ್‌ಬಿಆರ್ ರಬ್ಬರಿನ ಓ-ರಿಂಗ್‌ಗಳೇ (ಜೋಡಣೆಗಳಲ್ಲಿ ಸೋರಿಕೆ ತಡೆಯುವ ಉಂಗುರಗಳು) ಬೇಕು. ಉರಿಯುವ ಹೈಡ್ರೋಕಾರ್ಬನ್ ಗ್ಯಾಸುಗಳನ್ನು ಯಾರಾದರೂ ಸೂಚಿಸಿದರೆ ನಿರಾಕರಿಸಿ. ಗ್ಯಾಸ್ ಹರಿಯುವ ಕೂಲಿಂಗ್ ಕಾಯಿಲ್ ನಿಮ್ಮ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ, ಸೋರಿದರೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಒಂದು ಕಿಡಿ ಸಾಕು.

ಕಂಪ್ರೆಸರ್‌ಗಳಲ್ಲಿ ಸ್ಯಾಂಡೆನ್ ಮಾದರಿಯವು ಸುಲಭವಾಗಿ ಸಿಗುತ್ತವೆ. 5 ಪಿಸ್ಟನ್ನಿನ ಎಸ್‌ಡಿ 5ಎಚ್14 ಒಂದು ಸುತ್ತಿಗೆ 138 ಸಿಸಿ, 7 ಪಿಸ್ಟನ್ನಿನ ಎಸ್‌ಡಿ 7ಎಚ್15 ಒಂದು ಸುತ್ತಿಗೆ 155 ಸಿಸಿ ಗ್ಯಾಸನ್ನು ನೂಕುತ್ತದೆ. ಮುಂದಿನ ಸೀಟುಗಳಷ್ಟನ್ನೇ ತಂಪಾಗಿಸುವ ಚಿಕ್ಕ ಜೀಪಿಗೆ ಮೊದಲನೆಯದು ಸಾಕು. ಉದ್ದನೆಯ ಬಾಡಿ ಮತ್ತು ಹಿಂದಿನ ಕಾಯಿಲ್ ಇದ್ದರೆ ಎರಡನೆಯದು ಬೇಕು, ಜೊತೆಗೆ 7 ಪಿಸ್ಟನ್ನಿನ ಕಂಪ್ರೆಸರ್‌ನ ನಡುಕವೂ ಕಡಿಮೆ. ಅಗತ್ಯಕ್ಕಿಂತ ದೊಡ್ಡದನ್ನು ಹಾಕಿದರೆ ಅದು ಕ್ಷಣಕ್ಕೊಮ್ಮೆ ಬಿಟ್ಟು ಹಿಡಿದು ಕ್ಲಚ್ಚನ್ನು ತಿನ್ನುತ್ತದೆ. ಈ ವಿದ್ಯುತ್ ಕ್ಲಚ್ ಬರುವುದಕ್ಕೆ ಮುಂಚೆ ಕಂಪ್ರೆಸರ್ ಇಂಜಿನ್ನಿನ ಜೊತೆ ಸದಾ ತಿರುಗುತ್ತಿತ್ತು. 1940ರ ಮಾದರಿಯ ಪ್ಯಾಕಾರ್ಡ್ ಕಾರಿನಲ್ಲಿ ಎಸಿ ಬೇಡವೆಂದರೆ ಇಂಜಿನ್ ನಿಲ್ಲಿಸಿ ಬೆಲ್ಟನ್ನೇ ಕಳಚಬೇಕಿತ್ತು.

ಬ್ರಾಕೆಟ್ ಮತ್ತು ಬೆಲ್ಟ್

ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವ ಭಾಗ ಇದು. ಕಂಪ್ರೆಸರ್ ಸುಮಾರು 6-7 ಕಿಲೋ ತೂಗುತ್ತದೆ, ಬೆಲ್ಟ್ ಅದನ್ನು ಸದಾ ಒಂದು ಬದಿಗೆ ಎಳೆಯುತ್ತದೆ, ಕ್ಲಚ್ ಹಿಡಿದಾಗಲೆಲ್ಲ ಒಂದು ಹೊಡೆತ ಬೀಳುತ್ತದೆ, ಇವೆಲ್ಲದರ ಮೇಲೆ ಹಳೆಯ ಡೀಸೆಲ್ ಇಂಜಿನ್ನಿನ ಅಲುಗಾಟ. ಕಂಪ್ರೆಸರನ್ನು ಇಂಜಿನ್ ಬ್ಲಾಕಿಗೇ ಕಟ್ಟಬೇಕು; ಬಾಡಿಗೋ ಚಾಸಿಗೋ ಕಟ್ಟಿದರೆ ಇಂಜಿನ್ ತನ್ನ ಮೌಂಟಿಂಗ್ ಮೇಲೆ ತೂಗಾಡುವಾಗ ಬೆಲ್ಟ್ ಒಮ್ಮೆ ಬಿಗಿದು ಒಮ್ಮೆ ಸಡಿಲವಾಗುತ್ತದೆ. ನಿಮ್ಮ ಇಂಜಿನ್ನಿಗೆಂದೇ ಎರಕ ಹೊಯ್ದ ಬ್ರಾಕೆಟ್ ಸಿಕ್ಕರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಸಿಗದಿದ್ದರೆ 8ರಿಂದ 10 ಮಿಮೀ ದಪ್ಪದ ಉಕ್ಕಿನ ತಟ್ಟೆಯಲ್ಲಿ, ಬ್ಲಾಕಿನ ಕನಿಷ್ಠ ಮೂರು ಬೇರೆಬೇರೆ ಬಿಂದುಗಳನ್ನು ಹಿಡಿದುಕೊಳ್ಳುವಂತೆ, ತ್ರಿಕೋನದ ಆಧಾರ ಕೊಟ್ಟು ಮಾಡಿಸಬೇಕು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಕಂಪ್ರೆಸರನ್ನು ಅದರ ಜಾಗದಲ್ಲಿ ಹಿಡಿದು, ಬಾನೆಟ್ ಮುಚ್ಚುತ್ತದೆಯೇ, ಸ್ಟೀರಿಂಗ್ ಬಾಕ್ಸಿಗೆ ತಾಕುತ್ತದೆಯೇ, ಡಿಪ್‌ಸ್ಟಿಕ್ ಹೊರಬರುತ್ತದೆಯೇ, ಆಯಿಲ್ ಫಿಲ್ಟರ್ ಬಿಚ್ಚಲು ಕೈ ಹೋಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಉಕ್ಕನ್ನು ಕತ್ತರಿಸಿ. ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ಬ್ರಾಕೆಟ್ಟಿಗೆ ಬಳಸಿಕೊಳ್ಳಬೇಡಿ. ಅವುಗಳ ಬಿಗಿತವನ್ನು ಹೆಡ್ ಗ್ಯಾಸ್ಕೆಟ್ಟಿಗಾಗಿ ನಿಗದಿಪಡಿಸಿರುತ್ತಾರೆ.

ಬೆಲ್ಟುಗಳನ್ನು ತಿರುಗಿಸುವ ಇಂಜಿನ್ನಿನ ಕ್ರ್ಯಾಂಕ್ ಪುಲ್ಲಿಯಲ್ಲಿ ಇನ್ನೊಂದು ಬೆಲ್ಟ್ ಕೂರುವ ಖಾಲಿ ತೋಡು ಇಲ್ಲದಿದ್ದರೆ, ಎರಡು ತೋಡಿನ ಪುಲ್ಲಿ ಹುಡುಕಬೇಕು ಅಥವಾ ಹೆಚ್ಚುವರಿ ಪುಲ್ಲಿಯೊಂದನ್ನು ಲೇತಿನಲ್ಲಿ ನಿಖರವಾಗಿ ಕಡೆಸಿ ಕೇಂದ್ರ ತಪ್ಪದಂತೆ ಬೋಲ್ಟ್ ಮಾಡಬೇಕು. ವಾಟರ್ ಪಂಪ್, ಆಲ್ಟರ್ನೇಟರ್, ಕಂಪ್ರೆಸರ್ ಮೂರನ್ನೂ ಒಂದೇ ಹಳೆಯ ಬೆಲ್ಟಿನಿಂದ ಎಳೆಸಿದರೆ, ಆ ಬೆಲ್ಟ್ ತುಂಡಾದ ದಿನ ಇಂಜಿನ್ನಿಗೆ ನೀರೂ ಹರಿಯುವುದಿಲ್ಲ. ಎರಡು ಪುಲ್ಲಿಗಳು ಒಂದೇ ಸಮತಲದಲ್ಲಿವೆಯೇ ಎಂಬುದನ್ನು ನೇರವಾದ ಉಕ್ಕಿನ ಪಟ್ಟಿ ಹಿಡಿದು ನೋಡಬೇಕು; 1 ಮಿಮೀಗಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸಬೇಡಿ, ವಾಷರ್ ಸೇರಿಸಿಯಾದರೂ ಸರಿಪಡಿಸಿ. ಬೆಲ್ಟ್ ಬಿಗಿಯಲು ಉದ್ದ ಕಂಡಿಯ ಪಟ್ಟಿಗಿಂತ ತಿರುಪಿನಿಂದ ಸರಿಯುವ ಟೆನ್ಷನರ್ ವಾಸಿ. ನಡುವಿನ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿಮೀ ತಗ್ಗಿದರೆ ಸಾಕು. ಹೋಸ್ ಜೋಡಿಸುವ ಬಾಯಿಗಳು ಮೇಲ್ಮುಖವಾಗಿರುವಂತೆ ಕಂಪ್ರೆಸರ್ ಕೂರಿಸುವುದು ಉತ್ತಮ. ಓರೆಯಾಗಿಸುವುದಾದರೆ ತಯಾರಕರು ಅನುಮತಿಸಿದ ಕೋನವನ್ನು ಮೀರಬಾರದು.

ಕಂಡೆನ್ಸರ್ ಮತ್ತು ಕೂಲಿಂಗ್ ಕಾಯಿಲ್

ಗ್ರಿಲ್ ಮತ್ತು ರೇಡಿಯೇಟರ್ ನಡುವಿನ ಜಾಗ ಅಳೆದು, ಅಲ್ಲಿ ಹಿಡಿಸುವ ಅತಿ ದೊಡ್ಡ ಪ್ಯಾರಲಲ್ ಫ್ಲೋ (ಗ್ಯಾಸ್ ಅನೇಕ ಸಮಾನಾಂತರ ಕೊಳವೆಗಳಲ್ಲಿ ಒಟ್ಟಿಗೆ ಹರಿಯುವ) ಕಂಡೆನ್ಸರನ್ನೇ ತೆಗೆದುಕೊಳ್ಳಿ. ಆರ್-134ಎಗೆ ಹಳೆಯ ಕೊಳವೆ-ರೆಕ್ಕೆ ಮಾದರಿಯ ಕಂಡೆನ್ಸರ್ ಸಾಲದು. ರೇಡಿಯೇಟರ್‌ನಿಂದ 15ರಿಂದ 25 ಮಿಮೀ ಅಂತರವಿರಲಿ, ರಬ್ಬರ್ ಬುಷ್ ಕೊಟ್ಟು ಕಟ್ಟಿ, ಗ್ಯಾಸ್ ಮೇಲಿನಿಂದ ಒಳಹೊಕ್ಕು ದ್ರವ ಕೆಳಗಿನಿಂದ ಹೊರಬರುವಂತೆ ಜೋಡಿಸಿ. ಎರಡರ ನಡುವಿನ ಬದಿಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿದರೆ ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ. ಮುಂದೆ ವಿಂಚ್, ಹೆಚ್ಚುವರಿ ದೀಪಗಳು, ಬಿಡಿ ಚಕ್ರ ಇವೆಲ್ಲ ಗಾಳಿಗೆ ಅಡ್ಡ ನಿಂತಿದ್ದರೆ ವಿದ್ಯುತ್ ಫ್ಯಾನ್ ಕಡ್ಡಾಯ. ಕಲ್ಲು ಸಿಡಿಯುವ ದಾರಿಗೆ ತಂತಿ ಬಲೆ ಹಾಕುವುದಾದರೆ ಕಣ್ಣು ದೊಡ್ಡದಿರಲಿ. ಸೊಳ್ಳೆ ಪರದೆಯಷ್ಟು ಸಣ್ಣ ಬಲೆ ಗಾಳಿಯನ್ನೇ ತಡೆಯುತ್ತದೆ.

ಕೂಲಿಂಗ್ ಕಾಯಿಲ್ ಮತ್ತು ಬ್ಲೋವರ್ ಒಂದೇ ಪೆಟ್ಟಿಗೆಯಲ್ಲಿರುವ, ಡ್ಯಾಶ್‌ಬೋರ್ಡಿನ ಅಡಿಗೆ ತೂಗುಹಾಕುವ ಘಟಕ ಇಂಥ ವಾಹನಗಳಿಗೆ ಹೊಂದುತ್ತದೆ. ಎರಡನೇ ಗೇರ್ ಹಾಕುವಾಗ ಲಿವರ್ ತಾಕದಂತೆ, ಟ್ರಾನ್ಸ್‌ಫರ್ ಲಿವರ್ ಪೂರ್ತಿ ಮುಂದಕ್ಕೆ ಹೋಗುವಂತೆ, ಪಕ್ಕದವರ ಮೊಣಕಾಲಿಗೆ ಬಡಿಯದಂತೆ ಅದರ ಜಾಗ ಗೊತ್ತುಮಾಡಬೇಕು. ಪೆಟ್ಟಿಗೆ ತಗಡಿನ ಡ್ಯಾಶ್‌ಬೋರ್ಡಿಗೆ ಮಾತ್ರ ನೇತಾಡದೆ ಫೈರ್‌ವಾಲಿಗೂ ಒಂದು ಆಧಾರ ಪಡೆದಿರಲಿ. ಕಾಯಿಲ್ ಮೇಲೆ ಇಳಿಯುವ ನೀರು ಹೊರಹೋಗುವ ಪೈಪು ಪೆಟ್ಟಿಗೆಯ ಅತ್ಯಂತ ತಗ್ಗಿನ ಬಿಂದುವಿನಿಂದ ಹೊರಟು, ಎಲ್ಲಿಯೂ ಮೇಲೇರದೆ, ನೆಲದಿಂದ ಹೊರಬೀಳಬೇಕು. ಅದರ ತುದಿಗೆ ಒಮ್ಮುಖದ ರಬ್ಬರ್ ವಾಲ್ವ್ ಹಾಕಿದರೆ ಹೊಳೆ ದಾಟುವಾಗ ನೀರು ಒಳಬರುವುದಿಲ್ಲ, ಸಾಮಾನ್ಯ ದಿನಗಳಲ್ಲಿ ಧೂಳೂ ಏರುವುದಿಲ್ಲ. ಸೈಲೆನ್ಸರ್ ಪೈಪಿನ ಮೇಲೆ ಅದು ಹನಿಯಬಾರದು.

ಎಕ್ಸ್‌ಪಾನ್ಷನ್ ವಾಲ್ವ್ ಸಂವೇದಕ ಬಲ್ಬ್ ಇರುವ ಬಗೆಯದಾದರೆ, ಆ ಬಲ್ಬ್ ಕಾಯಿಲ್‌ನಿಂದ ಹೊರಬರುವ ಕೊಳವೆಯನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು ಮತ್ತು ಅದರ ಮೇಲೆ ಕಾರ್ಕ್ ಟೇಪ್ ಸುತ್ತಿರಬೇಕು. ಸಡಿಲವಾದ ಬಲ್ಬ್ ಕೊಳವೆಯ ಬದಲು ಸುತ್ತಲಿನ ಗಾಳಿಯ ಬಿಸಿಯನ್ನು ಅಳೆಯುತ್ತದೆ, ವಾಲ್ವ್ ಅತಿಯಾಗಿ ತೆರೆದು ದ್ರವ ಕಂಪ್ರೆಸರ್‌ವರೆಗೂ ತಲುಪುತ್ತದೆ. ಎಸಿಯ ಥರ್ಮೋಸ್ಟಾಟಿನ (ಇಂಜಿನ್ನಿನದಲ್ಲ) ಸಪೂರ ಕೊಳವೆಯನ್ನು ಕಾಯಿಲ್‌ನ ರೆಕ್ಕೆಗಳ ನಡುವೆ ಆಳವಾಗಿ ತೂರಿಸಬೇಕು. ಕಾಯಿಲ್ 1ರಿಂದ 3 ಡಿಗ್ರಿಗೆ ಇಳಿದಾಗ ಅದು ಕಂಪ್ರೆಸರನ್ನು ಬಿಡಿಸದಿದ್ದರೆ ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯೇ ನಿಂತುಹೋಗುತ್ತದೆ. ಧೂಳಿನ ದಾರಿಯಲ್ಲಿ ಓಡುವ ವಾಹನವಾದ್ದರಿಂದ ಹೊರಗಿನ ಗಾಳಿಯನ್ನು ಎಳೆಯುವ ಏರ್ಪಾಟಿಗಿಂತ ಒಳಗಿನ ಗಾಳಿಯನ್ನೇ ತಿರುಗಿಸುವ ಏರ್ಪಾಟು ಲೇಸು, ಬೇಕಾದಾಗ ಕಿಟಕಿ ಇದ್ದೇ ಇದೆ.

ಹೋಸ್ ಜೋಡಣೆ

ಮೂರು ಅಳತೆಯ ಹೋಸ್ ಬೇಕಾಗುತ್ತದೆ. ಕಾಯಿಲ್‌ನಿಂದ ಕಂಪ್ರೆಸರ್‌ಗೆ ಬರುವುದು ಅತಿ ದಪ್ಪದ್ದು, 10ನೇ ನಂಬರ್, ಒಳವ್ಯಾಸ ಸುಮಾರು 13 ಮಿಮೀ. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ 8ನೇ ನಂಬರ್, ಸುಮಾರು 10 ಮಿಮೀ. ಕಂಡೆನ್ಸರ್‌ನಿಂದ ಡ್ರೈಯರ್ ಮೂಲಕ ಕಾಯಿಲ್‌ಗೆ 6ನೇ ನಂಬರ್, ಸುಮಾರು 8 ಮಿಮೀ. ಫಿಟ್ಟಿಂಗುಗಳನ್ನು ಎಲ್ಲ ತುದಿಗಳಿಗೂ ಕೈಯಲ್ಲಿ ತಿರುಗಿಸಿ ಕೂರಿಸಿ, ಹೋಸನ್ನು ನಿಜವಾಗಿ ಹೋಗಬೇಕಾದ ದಾರಿಯಲ್ಲಿಯೇ ಹಾಯಿಸಿ, ಉದ್ದವನ್ನು ಗುರುತು ಮಾಡಿದ ಮೇಲೆ ಫಿಟ್ಟಿಂಗ್ ಮತ್ತು ಹೋಸ್ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆಯಿರಿ. ಕ್ರಿಂಪ್ ಮಾಡಿದ ಮೇಲೆ, ಅಂದರೆ ಯಂತ್ರದಲ್ಲಿ ಒತ್ತಿ ಬಿಗಿದ ಮೇಲೆ, ಬಾಗಿದ ಫಿಟ್ಟಿಂಗನ್ನು ತಿರುಗಿಸಲು ಬರುವುದಿಲ್ಲ; ಆ ಗೆರೆಯೊಂದೇ ಅದರ ದಿಕ್ಕನ್ನು ಕಾಪಾಡುತ್ತದೆ. ಹೋಸನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಹ್ಯಾಕ್‌ಸಾ ಬಳಸಿದರೆ ರಬ್ಬರಿನ ಪುಡಿ ಒಳಗೆ ಉಳಿದು ವಾಲ್ವಿನ ಬಾಯಿಯನ್ನು ಕಟ್ಟುತ್ತದೆ.

ಇಂಜಿನ್ ಅಲುಗಾಡಲು ಹೋಸಿನಲ್ಲಿ ಒಂದಿಷ್ಟು ಸಡಿಲವಿರಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರವಿಟ್ಟು, ರಬ್ಬರ್ ಒಳಪದರದ ಕ್ಲಿಪ್ಪುಗಳಲ್ಲಿ ಅಲ್ಲಲ್ಲಿ ಹಿಡಿಸಿ, ತಗಡನ್ನು ದಾಟುವಲ್ಲೆಲ್ಲ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಹಾಕಿ. ಮುಂದಿನ ಆಕ್ಸಲ್ ಪೂರ್ತಿ ಮೇಲೆದ್ದಾಗ ಮತ್ತು ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿದಾಗ ಹೋಸಿಗೆ ಏನೂ ತಾಕುತ್ತಿಲ್ಲವೆಂದು ಜಾಕ್ ಹಚ್ಚಿ ನೋಡಿ. ಓ-ರಿಂಗ್‌ಗೆ ಕೈತೊಳೆದು ಎಣ್ಣೆ ಸವರಿ ಕೂರಿಸಿ, ನಟ್ಟನ್ನು ಎರಡು ಸ್ಪ್ಯಾನರ್ ಹಿಡಿದು ಬಿಗಿಯಿರಿ. ಒಂದೇ ಸ್ಪ್ಯಾನರ್ ಬಳಸಿದರೆ ಅಲ್ಯೂಮಿನಿಯಂ ಕೊಳವೆ ತಿರುಚಿಕೊಳ್ಳುತ್ತದೆ.

ರಿಸೀವರ್ ಡ್ರೈಯರನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ಬಾಣದ ಗುರುತಿನಂತೆ, ಎಲ್ಲಕ್ಕಿಂತ ಕೊನೆಯಲ್ಲಿ ಜೋಡಿಸಬೇಕು. ಅದರ ಮುಚ್ಚಳ ತೆಗೆದ ಕ್ಷಣದಿಂದಲೇ ಒಳಗಿನ ಹರಳುಗಳು ಗಾಳಿಯ ತೇವವನ್ನು ಹೀರತೊಡಗುತ್ತವೆ. ಆರ್-134ಎ ಜೊತೆ ಬಳಸುವ ಕೃತಕ ಕಂಪ್ರೆಸರ್ ಎಣ್ಣೆಯಾದ ಪ್ಯಾಗ್ ಎಣ್ಣೆಗೂ ಅದೇ ಗುಣ, ಆದ್ದರಿಂದ ಅದರ ಡಬ್ಬಿ ತೆರೆದಿಡಬೇಡಿ. ಹೊಸ ಕಂಪ್ರೆಸರ್ ಸಾಮಾನ್ಯವಾಗಿ ಎಣ್ಣೆ ತುಂಬಿಯೇ ಬರುತ್ತದೆ. ಹೆಚ್ಚು ಹಾಕಬೇಕೇ ಎಂಬುದನ್ನು ಅದರ ಜೊತೆಗಿನ ಸೂಚನೆಯಿಂದ ತಿಳಿಯಿರಿ, ಅಂದಾಜಿನಿಂದ ಸುರಿಯಬೇಡಿ.

ವೈರಿಂಗ್

ಇಗ್ನಿಷನ್ ಹಾಕಿದಾಗ ಮಾತ್ರ ಬರುವ, ಸ್ಟಾರ್ಟರ್ ತಿರುಗುವಾಗ ನಿಲ್ಲುವ ತಂತಿಯೊಂದರಿಂದ ಶುರುಮಾಡಿ: ಬ್ಲೋವರ್ ಸ್ವಿಚ್, ಅಲ್ಲಿಂದ ಥರ್ಮೋಸ್ಟಾಟ್, ಅಲ್ಲಿಂದ ಡ್ರೈಯರ್ ಮೇಲಿನ ಪ್ರೆಷರ್ ಸ್ವಿಚ್, ಕೊನೆಗೆ ರಿಲೇಯ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್) ಕಾಯಿಲ್. ಈ ಸರಪಳಿಯಲ್ಲಿ ಯಾವುದೊಂದು ಬಿಟ್ಟರೂ ಕಂಪ್ರೆಸರ್ ನಿಲ್ಲುತ್ತದೆ, ಬ್ಲೋವರ್ ತಿರುಗದೆ ಕಂಪ್ರೆಸರ್ ಹಿಡಿಯುವುದೂ ಇಲ್ಲ. ಪ್ರೆಷರ್ ಸ್ವಿಚ್ ಹಾಕದೆ ಕೆಲಸ ಮುಗಿಸುವವರಿದ್ದಾರೆ. ಗ್ಯಾಸ್ ಸೋರಿ ಒತ್ತಡ 2 ಬಾರ್‌ಗಿಂತ ಇಳಿದಾಗ ಎಣ್ಣೆ ಸಿಗದ ಕಂಪ್ರೆಸರನ್ನೂ, ಫ್ಯಾನ್ ಕೆಟ್ಟು ಒತ್ತಡ ಮಿತಿಮೀರಿದಾಗ ಹೋಸನ್ನೂ ಉಳಿಸುವುದು ಈ ಪುಟ್ಟ ವಸ್ತುವೇ ಆದ್ದರಿಂದ ಅದನ್ನು ಬಿಡಲೇಬಾರದು. ಕ್ಲಚ್ಚಿಗೂ ಫ್ಯಾನಿಗೂ ಬೇರೆಬೇರೆ ರಿಲೇ, ಬೇರೆಬೇರೆ ಫ್ಯೂಸ್ ಕೊಟ್ಟು, ಬ್ಯಾಟರಿಯಿಂದ ನೇರವಾಗಿ ಕ್ಲಚ್ಚಿಗೆ 2.5 ಚದರ ಮಿಮೀ, ಫ್ಯಾನ್ ಮತ್ತು ಬ್ಲೋವರ್‌ಗೆ 4 ಚದರ ಮಿಮೀ ವೈರ್ ಎಳೆಯಿರಿ. ಕ್ಲಚ್ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿದರೆ ಅದು ಬಿಡುವಾಗ ಏಳುವ ಹೆಚ್ಚಿನ ವೋಲ್ಟೇಜ್ ರಿಲೇಯ ತುದಿಗಳನ್ನು ಸುಡುವುದಿಲ್ಲ.

ಇದೇ ಸರಪಳಿಗೆ ಎರಡು ಸ್ವಿಚ್ಚುಗಳನ್ನು ಸೇರಿಸುವಂತೆ ಬಲವಾಗಿ ಸಲಹೆ ಕೊಡುತ್ತೇನೆ. ಇಂಜಿನ್ ನೀರು ಸುಮಾರು 105 ಡಿಗ್ರಿ ತಲುಪಿದಾಗ ಬಿಡುವ ತಾಪಮಾನ ಸ್ವಿಚ್ ಒಂದು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬಿಡುವ ಮೈಕ್ರೋಸ್ವಿಚ್ ಇನ್ನೊಂದು. ಏರಿನಲ್ಲಿ ಮುಂದಿನ ವಾಹನ ದಾಟುವಾಗ ಆ ನಾಲ್ಕಾರು ಅಶ್ವಶಕ್ತಿ ಚಕ್ರಕ್ಕೆ ಮರಳುತ್ತದೆ. ನಿಂತಲ್ಲಿ ಕಂಪ್ರೆಸರ್ ಹಿಡಿದಾಗ ಇಂಜಿನ್ ಆಫ್ ಆಗುವಂತಿದ್ದರೆ ಆಗ ಇಂಜಿನ್ ವೇಗವನ್ನು ತುಸು ಏರಿಸುವ ಐಡಲ್-ಅಪ್ ಆಕ್ಚುಯೇಟರ್ ಅಳವಡಿಸಿ.

ವ್ಯಾಕ್ಯೂಮ್ ಮತ್ತು ಗ್ಯಾಸ್

ಇಲ್ಲಿಯವರೆಗಿನ ಕೆಲಸವನ್ನು ಕೈಪಳಗಿದ ಯಾರಾದರೂ ಮಾಡಬಹುದು. ಗ್ಯಾಸ್ ತುಂಬಿಸುವುದನ್ನು ತರಬೇತಿ ಪಡೆದ ಎಸಿ ಮೆಕ್ಯಾನಿಕ್ ಕೈಗೆ ಒಪ್ಪಿಸುವುದು ಒಳ್ಳೆಯದು. ಅನೇಕ ದೇಶಗಳಲ್ಲಿ ಕಾನೂನೂ ಅದನ್ನೇ ಹೇಳುತ್ತದೆ. ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ ಅದರ ಭೂತಾಪ ಪರಿಣಾಮ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು. ಅದನ್ನು ಗಾಳಿಗೆ ಬಿಡಬಾರದು. ಆದರೂ ಏನು ನಡೆಯಬೇಕೆಂದು ಮಾಲೀಕರಿಗೆ ತಿಳಿದಿದ್ದರೆ ಅವಸರದ ಕೆಲಸವನ್ನು ತಡೆಯಬಹುದು.

ಮೊದಲು ಒಣ ನೈಟ್ರೋಜನ್ ತುಂಬಿಸಿ ಸೋರಿಕೆ ನೋಡಬೇಕು. ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ಜೋಡಿಸುವಂತಿಲ್ಲ. ಸುಮಾರು 10 ಬಾರ್‌ಗೆ ಏರಿಸಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ, ಅರ್ಧ ಗಂಟೆ ಮುಳ್ಳು ಕದಲದಿದ್ದರೆ ಸರಿ. ಟೈರಿಗೆ ಗಾಳಿ ತುಂಬುವ ಯಂತ್ರವನ್ನು ಇದಕ್ಕೆ ಬಳಸಬಾರದು, ಅದರ ಗಾಳಿಯಲ್ಲಿ ತೇವವಿರುತ್ತದೆ. ಆಕ್ಸಿಜನ್ ಬಳಸಿದರೆ ಎಣ್ಣೆಯ ಜೊತೆ ಸೇರಿ ಸ್ಫೋಟವಾಗಬಹುದು.

ನಂತರ ವ್ಯಾಕ್ಯೂಮ್ ಪಂಪ್. 25 ಡಿಗ್ರಿ ಬಿಸಿಯಲ್ಲಿ ನೀರು ಕುದಿಯಬೇಕಾದರೆ ಒತ್ತಡ ಸುಮಾರು 32 ಮಿಲಿಬಾರ್‌ಗೆ ಇಳಿಯಬೇಕು. ಅದಕ್ಕಿಂತಲೂ ಆಳಕ್ಕೆ ಎಳೆದರೆ ಕೊಳವೆಗಳೊಳಗಿನ ತೇವ ಆವಿಯಾಗಿ ಹೊರಬರುತ್ತದೆ. 500 ಮೈಕ್ರಾನ್ (ಸುಮಾರು 0.67 ಮಿಲಿಬಾರ್) ಗುರಿ ಇಟ್ಟುಕೊಂಡು ಕನಿಷ್ಠ 45 ನಿಮಿಷ ಪಂಪ್ ಓಡಿಸಿ, ವಾಲ್ವ್ ಮುಚ್ಚಿ, ಅರ್ಧ ಗಂಟೆ ಬಿಟ್ಟು ನೋಡಬೇಕು. ಎತ್ತರದ ಊರುಗಳಲ್ಲಿ ಸಾಮಾನ್ಯ ಗೇಜಿನ ಮುಳ್ಳು ಪೂರ್ತಿ ಇಳಿಯುವುದೇ ಇಲ್ಲ, ಏಕೆಂದರೆ ಅಲ್ಲಿ ವಾತಾವರಣದ ಒತ್ತಡವೇ ಕಡಿಮೆ. ಮೈಕ್ರಾನ್ ಗೇಜ್ ಇದ್ದರೆ ಈ ಗೊಂದಲವಿಲ್ಲ. ಹತ್ತೇ ನಿಮಿಷ ಪಂಪ್ ಓಡಿಸಿ ಗ್ಯಾಸ್ ಬಿಡಲು ಹೊರಟವರನ್ನು ತಡೆಯಿರಿ. ಉಳಿದ ನೀರು ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಎಣ್ಣೆಯ ಜೊತೆ ಸೇರಿ ಆಮ್ಲವಾಗುತ್ತದೆ.

ಕಾರ್ಖಾನೆಯ ಎಸಿ ಇರುವ ವಾಹನದಲ್ಲಿ ಎಷ್ಟು ಗ್ಯಾಸ್ ಬೇಕೆಂದು ಚೀಟಿ ಅಂಟಿಸಿರುತ್ತಾರೆ, ಇಲ್ಲಿ ಅದಿಲ್ಲ. ಒಂದೇ ಕಾಯಿಲ್ ಇರುವ ವ್ಯವಸ್ಥೆ ಸಾಮಾನ್ಯವಾಗಿ 600ರಿಂದ 900 ಗ್ರಾಂ ಹಿಡಿಸುತ್ತದೆ. ಇಂಜಿನ್ ನಿಂತಿರುವಾಗ 300 ಗ್ರಾಂ ಬಿಟ್ಟು, ಕಂಪ್ರೆಸರ್‌ನ ಮುಂದಿನ ಹಬ್ (ನಡುವಿನ ತಿರುಗುವ ಭಾಗ) ಹಿಡಿದು ಹತ್ತಾರು ಸಲ ಕೈಯಿಂದ ತಿರುಗಿಸಿ ಒಳಗೆ ನಿಂತ ಎಣ್ಣೆ ಸರಿಯುವಂತೆ ಮಾಡಿ. ಆಮೇಲೆ ಇಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿರಿಸಿ, ಬ್ಲೋವರ್ ಪೂರ್ಣ ವೇಗದಲ್ಲಿಟ್ಟು, ಬಾಗಿಲು ತೆರೆದು, ಗ್ಯಾಸಿನ ಡಬ್ಬಿಯನ್ನು ನೆಟ್ಟಗೆ ಹಿಡಿದು, ಗೇಜಿನ ನೀಲಿ ಬದಿಯಿಂದ, ಅಂದರೆ ಕಡಿಮೆ ಒತ್ತಡದ ಬದಿಯಿಂದ ಮಾತ್ರ ಸ್ವಲ್ಪ ಸ್ವಲ್ಪವಾಗಿ ತುಂಬಿಸಬೇಕು. ಡಬ್ಬಿಯನ್ನು ತಲೆಕೆಳಗು ಮಾಡಿದರೆ ದ್ರವ ಕಂಪ್ರೆಸರ್‌ಗೆ ನುಗ್ಗಿ ವಾಲ್ವ್ ಒಡೆಯುತ್ತದೆ. ಇಂಜಿನ್ ಓಡುವಾಗ ಹೆಚ್ಚಿನ ಒತ್ತಡದ ಬದಿಯ ಕೆಂಪು ವಾಲ್ವ್ ತೆರೆದರೆ ಹೆಚ್ಚಿನ ಒತ್ತಡ ಡಬ್ಬಿಗೇ ಮರಳಿ ಅದು ಸಿಡಿಯಬಹುದು. ಕನ್ನಡಕ ಮತ್ತು ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು, ಕಣ್ಣಿಗೆ ಚಿಮ್ಮಿದ ದ್ರವ ಆ ಕ್ಷಣದಲ್ಲೇ ಹೆಪ್ಪುಗಟ್ಟಿಸುತ್ತದೆ. ಹತ್ತಿರ ಬೆಂಕಿಯೂ ಇರಬಾರದು, ಜ್ವಾಲೆಗೆ ಸಿಕ್ಕ ಗ್ಯಾಸ್ ವಿಷಕಾರಿ ಆಮ್ಲದ ಹೊಗೆಯಾಗುತ್ತದೆ.

ಹೊರಗೆ 30-35 ಡಿಗ್ರಿ ಇರುವಾಗ ಕಡಿಮೆ ಒತ್ತಡದ ಬದಿ 1.8ರಿಂದ 2.8 ಬಾರ್, ಹೆಚ್ಚಿನ ಒತ್ತಡದ ಬದಿ 13ರಿಂದ 17 ಬಾರ್ ತೋರಿಸಿದರೆ ಗ್ಯಾಸ್ ಸರಿಯಾಗಿದೆ. ಡ್ರೈಯರ್ ಮೇಲಿನ ಗಾಜಿನ ಕಿಂಡಿಯಲ್ಲಿ ಗುಳ್ಳೆ ಪೂರ್ತಿ ಮಾಯವಾಗುವವರೆಗೆ ತುಂಬಿಸುವ ಹಳೆಯ ರೂಢಿ ಆರ್-134ಎಗೆ ಹೊಂದುವುದಿಲ್ಲ, ಗ್ಯಾಸ್ ಮಿತಿಮೀರುತ್ತದೆ. ಎರಡೂ ಬದಿ ತಗ್ಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಏರಿದ್ದರೆ ಗ್ಯಾಸ್ ಹೆಚ್ಚಾಗಿದೆ, ಅಥವಾ ಕಂಡೆನ್ಸರ್‌ಗೆ ಗಾಳಿ ಸಾಲದು, ಅಥವಾ ವ್ಯವಸ್ಥೆಯೊಳಗೆ ಗಾಳಿ ಸೇರಿದೆ; ಕಂಡೆನ್ಸರ್ ಮೇಲೆ ನೀರು ಚಿಮುಕಿಸಿದ ಕೂಡಲೇ ಒತ್ತಡ ಇಳಿದರೆ ಫ್ಯಾನಿನ ಕಡೆ ಗಮನ ಕೊಡಿ. ಕಡಿಮೆ ಬದಿ ಶೂನ್ಯದ ಕೆಳಗೆ ಎಳೆಯುತ್ತಿದ್ದರೆ ವಾಲ್ವ್ ಕಟ್ಟಿದೆ. ಕಡಿಮೆ ಬದಿ ಏರಿ, ಹೆಚ್ಚಿನ ಬದಿ ತಗ್ಗಿ ಎರಡೂ ಹತ್ತಿರ ಬಂದರೆ ಕಂಪ್ರೆಸರ್ ಸೋತಿದೆ. ಎಲ್ಲ ಸರಿಯಾದ ಮೇಲೆ ತೂಗಿದ ಗ್ಯಾಸಿನ ಒಟ್ಟು ತೂಕವನ್ನೂ ಎಣ್ಣೆಯ ಹೆಸರನ್ನೂ ಬಾನೆಟ್ಟಿನ ಒಳಮೈ ಮೇಲೆ ಅಳಿಸದಂತೆ ಬರೆದಿಡಿ; ಮುಂದೆ ಯಾರೇ ಈ ವ್ಯವಸ್ಥೆಯನ್ನು ಬಿಚ್ಚಿದರೂ ಅವರಿಗೆ ಮೊದಲು ಬೇಕಾಗುವುದು ಅದೇ.

ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಬೆಲ್ಟನ್ನು ಮತ್ತೆ ಬಿಗಿದು, ಬ್ರಾಕೆಟ್ಟಿನ ಪ್ರತಿ ಬೋಲ್ಟನ್ನೂ ಬೆಸುಗೆಯ ಅಂಚುಗಳನ್ನೂ ಬೆಳಕು ಹಿಡಿದು ಪರೀಕ್ಷಿಸಿ. ಆಳದ ನೀರಿಗೆ ಇಳಿಯುವ ಮೊದಲು ಎಸಿಯನ್ನು ನಿಲ್ಲಿಸಿ, ತಿರುಗುವ ವಿದ್ಯುತ್ ಫ್ಯಾನಿಗೆ ನೀರು ತಾಕಿದರೆ ರೆಕ್ಕೆ ಬಾಗಿ ಕಂಡೆನ್ಸರನ್ನು ಸೀಳಬಹುದು. ಕೆಸರಿನ ದಾರಿ ಮುಗಿಸಿ ಬಂದ ಮೇಲೆ ಕಂಡೆನ್ಸರನ್ನು ಇಂಜಿನ್ ಬದಿಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿದರೆ ಕಂಪ್ರೆಸರ್‌ನ ಮುಂದಿನ ಸೀಲಿಗೆ ಎಣ್ಣೆ ತಲುಪಿ ಅದು ಒಣಗುವುದು ತಪ್ಪುತ್ತದೆ. ವ್ಯವಸ್ಥೆಯನ್ನು ಯಾವ ಕಾರಣಕ್ಕೆ ತೆರೆದರೂ ಡ್ರೈಯರ್ ಹೊಸದೇ ಬೀಳಬೇಕು.